ಮಾವನ ಕ್ಯಾಮೆರಾದ ರಟ್ಟಿನ ಬಾಗಿಲು

ನನ್ನ ಸೋದರಮಾವ ಫೋಟೊ ತೆಗೆಯುವಾಗ ಎದುರಿಗೆ ಕೂತವರಿಗೆ ಕಾಣುವುದು ಅವರ ಮುಖದ ಎಡಗಡೆಯ ಅರ್ಧ ಮಾತ್ರ. ಅದೂ ಕಣ್ಣು ಮುಚ್ಚಿ, ಹುಳಿ ಕಚ್ಚಿದವರ ಹಾಗೆ ಕಿವುಚಿಕೊಂಡ ಅರ್ಧ. ಉಳಿದದ್ದೆಲ್ಲ ಕ್ಯಾಮೆರಾದ ಹಿಂದೆ. ಮೂವತ್ನಾಲ್ಕು ವರ್ಷ ಹೀಗೆ ಎಡಗಣ್ಣು ಮುಚ್ಚಿ ಮುಚ್ಚಿ ಎಡಗೆನ್ನೆಯ ಮೇಲೆ ಮೂರು ಆಳವಾದ ಗೆರೆ ಬಿದ್ದಿವೆ. ಬಲಗೆನ್ನೆ ಈಗಲೂ ನುಣ್ಣಗಿದೆ. "ನಮ್ಮ ಮನೆಯವರಿಗೆ ಒಂದು ಕಡೆ ಅರವತ್ತು, ಇನ್ನೊಂದು ಕಡೆ ನಲವತ್ತು" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ.

ಬೀದಿಯಲ್ಲಿ ಮಾವನಿಗೆ 'ಒಂದೇ ಕ್ಲಿಕ್' ಎಂದು ಹೆಸರು. ಒಬ್ಬರಿಗೆ ಒಂದೇ ಸಲ ಗುಂಡಿ ಒತ್ತುವುದು, ಎರಡನೆಯದಿಲ್ಲ. ಇದು ಅಜ್ಜನಿಂದ, ಅಂದರೆ ಮಾವನ ಅಪ್ಪನಿಂದ, ಬಂದ ಪಾಠ. ಈ ಸ್ಟುಡಿಯೊ ಶುರು ಮಾಡಿದವರು ಅಜ್ಜ. ರೀಲಿನ ಕಾಲದಲ್ಲಿ ಆ ಪಾಠಕ್ಕೆ ಅರ್ಥವಿತ್ತು. ರೀಲು ಹೋಗಿ ಡಿಜಿಟಲ್ ಕ್ಯಾಮೆರಾ ಬಂದ ಮೇಲೂ ಮಾವ ಜಪ್ಪಯ್ಯ ಅಂದರೂ ಬದಲಾಗಲಿಲ್ಲ. ಏಳು ವರ್ಷದ ಹಿಂದೆ ಹೊಸ ಕ್ಯಾಮೆರಾ ಬಂದ ದಿನವೇ ಅದರ ಬೆನ್ನ ಮೇಲಿದ್ದ ಪರದೆಗೆ ಒಂದು ಕಪ್ಪು ರಟ್ಟು ಕತ್ತರಿಸಿ ನಾಲ್ಕೂ ಕಡೆ ಟೇಪು ಹಾಕಿ ಅಂಟಿಸಿಬಿಟ್ಟರು.

"ತೆಗೆದ ಮೇಲೆ ಬಗ್ಗಿ ನೋಡೋದು ಅಂದ್ರೆ ಏನರ್ಥ? ತೆಗೆಯೋವಾಗ ನೋಡ್ಲಿಲ್ಲ ಅಂತ ಅರ್ಥ" ಎಂದರು.

ಮೆಮೊರಿ ಕಾರ್ಡ್ ಅಳಿಸುವುದಕ್ಕೆ, ತಾರೀಖು ಸರಿಮಾಡುವುದಕ್ಕೆ ನನಗಾದರೂ ಆ ಪರದೆ ಬೇಕಲ್ಲ. ಮೂರು ಕಡೆಯ ಟೇಪು ಕಿತ್ತು, ಮೇಲ್ಗಡೆಯದೊಂದನ್ನು ಉಳಿಸಿ, ರಟ್ಟನ್ನು ಎತ್ತಿ ಇಳಿಸುವ ಬಾಗಿಲಿನಂತೆ ಮಾಡಿಕೊಂಡೆ. ಮಾವ ನೋಡಿಯೂ ನೋಡದವರಂತೆ ಇದ್ದರು. ಬಾಗಿಲು ಮುಚ್ಚಿರುವವರೆಗೆ ಅವರಿಗೆ ತಕರಾರಿಲ್ಲ.

ನಾನು ಮುಂದಿನ ಕೋಣೆಯವಳು. ನಮ್ಮ ಸ್ಟುಡಿಯೊದಲ್ಲಿ ಮೂರು ಕೋಣೆ ಒಂದರ ಹಿಂದೊಂದು. ಮುಂದೆ ಕೌಂಟರು, ಕಂಪ್ಯೂಟರು, ಪ್ರಿಂಟರು ಮತ್ತು ನಾನು. ಬಾಗಿಲಿನ ಬಟ್ಟೆಪರದೆ ಸರಿಸಿ ಒಳಗೆ ಹೋದರೆ ಬೂದು ಬಟ್ಟೆ ಇಳಿಬಿಟ್ಟ ಗೋಡೆ, ತಿರುಗುವ ಸ್ಟೂಲು, ಬಿಳಿ ಕೊಡೆ ಹೊತ್ತ ಎರಡು ದೊಡ್ಡ ದೀಪ, ಮೂರುಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಮತ್ತು ಮಾವ. ಅದರ ಹಿಂದಿನದು ಒಂದು ಕಾಲದಲ್ಲಿ ಫೋಟೊ ತೊಳೆಯುವ ಕತ್ತಲೆ ಕೋಣೆ. ಈಗ ಅಲ್ಲಿ ಅತ್ತೆ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾರೆ. ಹನ್ನೊಂದು ವರ್ಷದ ಹಿಂದೆ 'ನಾಲ್ಕು ದಿನ ಸಹಾಯಕ್ಕೆ' ಎಂದು ಬಂದವಳು ನಾನು. ಯಾವ ಮುಖವನ್ನೂ ಸುಮ್ಮನೆ ನೋಡಿ ಬಿಡುವ ಜಾಯಮಾನ ನನ್ನದಲ್ಲ. ಈ ಮನುಷ್ಯನ ಹುಬ್ಬಿನಲ್ಲಿ ಗಾಯ ಹೇಗಾಯಿತು, ಈ ಅಕ್ಕತಂಗಿಯರು ಒಂದೇ ಸರವನ್ನು ಬದಲಾಯಿಸಿಕೊಂಡು ಹಾಕಿಕೊಂಡರಾ, ಇಂಥದ್ದರಲ್ಲೇ ನನ್ನ ದಿನ ಕಳೆಯುತ್ತದೆ. ಮಾವ ನನ್ನನ್ನು 'ಪತ್ತೇದಾರಿ' ಎಂದೇ ಕರೆಯುವುದು.

ಮುಂದಿನ ಕೋಣೆಯ ಗೋಡೆಯ ಮೇಲೆ ಒಂದೇ ಒಂದು ಫೋಟೊ ಇದೆ. ಮದುವೆಯಾದ ವರ್ಷ ಅಜ್ಜ ತೆಗೆದ ಅತ್ತೆಯ ಫೋಟೊ. ಅಜ್ಜ ತೆಗೆದ ಕೊನೆಯ ಫೋಟೊಗಳಲ್ಲಿ ಅದೊಂದು ಎನ್ನುತ್ತಾರೆ. ಮುಖವೆಲ್ಲ ತೆಳು ಮಂಜಿನೊಳಗೆ ನಗುತ್ತಿರುವ ಹಾಗಿದೆ. ಬಂದವರಲ್ಲಿ ಅರ್ಧ ಜನ ಅದನ್ನು ನೋಡಿ "ನಮಗೂ ಇದೇ ಥರ ಬೇಕು" ಎನ್ನುತ್ತಾರೆ. "ಅದು ಅಪ್ಪನ ಕೈಗುಣ, ನಮಗೆ ಬರಲ್ಲ" ಎಂದು ಮಾವ ಹೇಳಿ ಮುಗಿಸುತ್ತಾರೆ.

ಎಲ್ಲವೂ ಶುರುವಾದದ್ದು ನ್ಯಾಯಾಲಯದ ಟೈಪಿಸ್ಟ್ ಒಬ್ಬರಿಂದ. ಅವರ ಕಚೇರಿಯಲ್ಲಿ ಎಲ್ಲರಿಗೂ ಹೊಸ ಗುರುತಿನ ಚೀಟಿ ಮಾಡುತ್ತಿದ್ದರು. ಫೋಟೊವನ್ನು ಕಂಪ್ಯೂಟರಿಗೆ ಹಾಕಿದರೆ ಅದು ನೋಡಿ ಒಪ್ಪಬೇಕು. ಟೈಪಿಸ್ಟ್ ಒಂದು ಬೆಳಿಗ್ಗೆ ಕೌಂಟರಿನ ಮೇಲೆ ಕೈಚೀಲ ಇಟ್ಟು ನಿಂತರು.

"ನೀವು ತೆಗೆದುಕೊಟ್ಟ ಫೋಟೊ ತಗೊಳ್ತಾ ಇಲ್ಲಮ್ಮ. ಮುಖ ಸ್ಪಷ್ಟವಾಗಿಲ್ಲ ಅಂತ ಬರ್ತಿದೆ."

ನಾನು ನಂಬಲಿಲ್ಲ. ಮಾವ ಕೇಳಿ ನಕ್ಕರು. ಕೂರಿಸಿ ಇನ್ನೊಂದು ತೆಗೆದರು, ಒಂದೇ ಕ್ಲಿಕ್. ಎರಡು ದಿನ ಬಿಟ್ಟು ಅವರು ಮತ್ತೆ ಬಂದರು. ಮತ್ತೆ ಅದೇ ಮಾತು. ಈ ಸಲ ಮಾವ ನಗಲಿಲ್ಲ. ಆ ಕಚೇರಿಯ ಕಂಪ್ಯೂಟರು ಸರಿಯಿಲ್ಲ ಎಂದರು. ಆಮೇಲೆ ನಮ್ಮ ಪ್ರಿಂಟರು ಸರಿಯಿಲ್ಲ ಎಂದರು. ಕೊನೆಗೆ ನನ್ನ ಕಡೆ ತಿರುಗಿ, "ನೀನೇ ಏನೋ ಉಜ್ಜಿ ಉಜ್ಜಿ ಹಾಳು ಮಾಡಿದೀಯ" ಎಂದರು. ಟೈಪಿಸ್ಟ್ ಬಡಪಾಯಿ, ಮುಂದಿನ ವಾರ ಬರುತ್ತೇನೆ ಎಂದು ಜಾರಿಕೊಂಡರು.

ನನಗೆ ಸಿಟ್ಟು ಬಂದದ್ದು ನಿಜ. ಆದರೆ ಸಿಟ್ಟಿಗಿಂತ ಕುತೂಹಲ ದೊಡ್ಡದು. ಮಧ್ಯಾಹ್ನ ಮಾವ ಊಟ ಮುಗಿಸಿ ಒರಗಿದಾಗ ಟೈಪಿಸ್ಟರ ಫೋಟೊವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದೆ. ಕಣ್ಣು ಮಸುಕು. ರೆಪ್ಪೆಯ ಕೂದಲು ಒಂದಕ್ಕೊಂದು ಅಂಟಿಕೊಂಡಂತಿತ್ತು. ಪಕ್ಕಕ್ಕೆ ಸರಿದೆ. ಕಿವಿ! ಕಿವಿಯ ಮೇಲಿನ ಸಣ್ಣ ರೋಮವನ್ನೂ ಎಣಿಸಬಹುದಿತ್ತು. ಎರಡನೆಯ ಫೋಟೊದಲ್ಲಿ ಮೂಗಿನ ತುದಿ ಚೊಕ್ಕ, ಉಳಿದದ್ದು ಮಸುಕು. ಹಿಂದಿನ ತಿಂಗಳ ಫೋಟೊಗಳನ್ನು ತೆರೆದೆ, ಅದರ ಹಿಂದಿನ ತಿಂಗಳದ್ದನ್ನು ತೆರೆದೆ. ಬ್ಯಾಂಕಿನ ಕಾವಲುಗಾರರ ಕಾಲರು, ಒಂದು ಮದುಮಗಳ ಭುಜ, ಅವಳಿ ಮಕ್ಕಳಲ್ಲಿ ಒಬ್ಬನ ಕಿವಿ. ಕಣ್ಣೊಂದು ಬಿಟ್ಟು ಎಲ್ಲ ಸ್ಪಷ್ಟ. ದಿನವೂ ಈ ಮುಖಗಳ ಮೇಲೇ ಕೈಯಾಡಿಸುತ್ತಿದ್ದ ನಾನು ಇಷ್ಟು ದಿನ ಏನು ನೋಡುತ್ತಿದ್ದೆ? ಚರ್ಮದ ಮೇಲಿನ ಕಲೆ ಒರೆಸುವುದರಲ್ಲೇ ಮುಳುಗಿದ್ದೆ. ಪತ್ತೇದಾರಿಯಂತೆ, ನಾಚಿಕೆಯಾಗಬೇಕು. ಹಿಂದಕ್ಕೆ ಹೋಗುತ್ತ ಹೋಗುತ್ತ ಸುಮಾರು ಒಂದು ವರ್ಷದಾಚೆಗೆ ಕಣ್ಣುಗಳು ಮತ್ತೆ ಮಿನುಗತೊಡಗಿದವು.

ಮಾವ ಬಳಸುವುದು ಅಜ್ಜನ ಕಾಲದ ಲೆನ್ಸು. ಅದರಲ್ಲಿ ಫೋಕಸ್ ತಾನಾಗಿ ಆಗುವುದಿಲ್ಲ. ಕ್ಯಾಮೆರಾದ ಹಿಂದಿನ ಇಣುಕುಗಿಂಡಿಗೆ ಕಣ್ಣಿಟ್ಟು ನೋಡುತ್ತ, ಮುಖ ಚೊಕ್ಕವಾಗುವವರೆಗೆ ಲೆನ್ಸಿನ ಉಂಗುರವನ್ನು ಕೈಯಿಂದ ತಿರುಗಿಸಬೇಕು. ಹಾಗಾದರೆ ತಪ್ಪು ಲೆನ್ಸಿನದೋ, ತಿರುಗಿಸುವವರದೋ? ಅತ್ತೆಯ ಅಳತೆ ಟೇಪನ್ನು ಕೇಳದೆ ತಂದೆ. ಮೇಜಿನ ಮೇಲೆ ಓರೆಯಾಗಿ ಚಾಚಿ, ಮೂವತ್ತರ ಅಂಕಿಗೆ ಫೋಕಸ್ ಮಾಡಿ ತೆಗೆದೆ. ಕಂಪ್ಯೂಟರಿನಲ್ಲಿ ಮೂವತ್ತು ಕೆತ್ತಿದಷ್ಟು ಸ್ಪಷ್ಟ. ಐದು ಸಲ ತೆಗೆದೆ, ಐದು ಸಲವೂ ಮೂವತ್ತೇ.

ಸಂಜೆ ಮಾವನಿಗೆ, "ಲೆನ್ಸ್ ಪರೀಕ್ಷೆ ಮಾಡೋಣ, ನೀವೇ ತೆಗೀರಿ" ಎಂದೆ. ಲೆನ್ಸಿನ ಮೇಲೆ ಗೂಬೆ ಕೂರಿಸಬಹುದು ಅಂದಮೇಲೆ ಅವರು ಒಪ್ಪದೆ ಇರುತ್ತಾರೆಯೇ? ಅದೇ ಮೂವತ್ತರ ಅಂಕಿಗೆ ಫೋಕಸ್ ಮಾಡಿ ಮೂರು ಸಲ ತೆಗೆದರು. ಒಂದರಲ್ಲಿ ಮೂವತ್ತಾರು ಸ್ಪಷ್ಟ, ಒಂದರಲ್ಲಿ ಇಪ್ಪತ್ತೈದು, ಇನ್ನೊಂದರಲ್ಲಿ ಮೂವತ್ಮೂರು. ಲೆನ್ಸು ಕೆಟ್ಟಿದ್ದರೆ ಪ್ರತಿ ಸಲ ಒಂದೇ ಕಡೆಗೆ ತಪ್ಪಬೇಕು. ಇದು ಹಿಂದೆ ಮುಂದೆ ತಡಕಾಡಿತ್ತು.

"ಏನು ಬಂತು?" ಎಂದು ಮಾವ ಒಳಗಿನಿಂದಲೇ ಕೇಳಿದರು.

"ನೋಡ್ತಾ ಇದೀನಿ ಮಾವ" ಎಂದೆ. ಗೊತ್ತು ಮಾಡಿಕೊಳ್ಳಬೇಕೆಂದು ಹೊರಟವಳಿಗೆ ಗೊತ್ತಾಗಿತ್ತು. ಈಗ ಅದನ್ನು ಎಲ್ಲಿಡಬೇಕೆಂದು ಗೊತ್ತಾಗಲಿಲ್ಲ.

ಆ ರಾತ್ರಿಯ ಊಟಕ್ಕೆ ಕೂತಾಗ ಮಾವ ಕಡ್ಡಿ ಮುರಿದಂತೆ ಹೇಳಿದರು. "ಕ್ಯಾಮೆರಾ ಮುದಿಯಾಯ್ತು, ಲೆನ್ಸೂ ಹೋಯ್ತು. ಪಕ್ಕದ ಬೀಗದಂಗಡಿಯವರು ಈ ಜಾಗ ಕೇಳ್ತಾನೇ ಇದಾರೆ. ತಿಂಗಳ ಕೊನೆಗೆ ಬಿಟ್ಟುಕೊಟ್ಟುಬಿಡೋಣ."

ಅತ್ತೆ ಬಡಿಸುತ್ತಿದ್ದ ಸೌಟು ಹಾಗೇ ನಿಂತಿತು. "ಸ್ಟುಡಿಯೊ ಮುಚ್ಚಿ ನೀವು ಏನು ಮಾಡ್ತೀರಿ? ಬೀದಿ ಕಡೆ ನೋಡ್ತಾ ಕೂರ್ತೀರಾ?"

ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ಅವರಿಗೆ ಎಲ್ಲ ಗೊತ್ತಿದೆ ಎಂದು ನನಗೆ ಆಗ ಖಾತ್ರಿಯಾಯಿತು. ಕ್ಯಾಮೆರಾದ ಹೆಸರು ಹೇಳಿ ತಮ್ಮ ಕಣ್ಣನ್ನು ಮುಚ್ಚಿಡುತ್ತಿದ್ದರು. ನನಗೆ ತುಂಬ ಸಂಕಟವಾಯಿತು. ಮೂವತ್ನಾಲ್ಕು ವರ್ಷದ ಕೆಲಸವನ್ನು ಒಂದು ಸುಳ್ಳಿನ ಜೊತೆ ಕಟ್ಟಿ ಬೀಗದಂಗಡಿಗೆ ಕೊಡಲು ಹೊರಟಿದ್ದರು.

ಕಣ್ಣಿನ ಡಾಕ್ಟರ ಹತ್ತಿರ ಹೋಗುವುದಕ್ಕೆ ಏನು ಧಾಡಿ? ಮರುದಿನ ಅತ್ತೆಯನ್ನೇ ಕೇಳಿದೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. "ಅತ್ತೆ, ಅಜ್ಜ ಯಾಕೆ ಕೆಲಸ ಬಿಟ್ರು?"

ಅತ್ತೆ ಯಂತ್ರದ ಚಕ್ರ ನಿಲ್ಲಿಸಿದರು. "ಇದೇ ಕೋಣೆಲಿ ಕಣೇ. ಆಗ ಇಲ್ಲಿ ಕೆಂಪು ದೀಪದ ಬೆಳಕಲ್ಲೇ ಫೋಟೊ ತೊಳೆಯೋರು. ನಿನ್ನ ಮಾವನೂ ಒಳಗೇ ಇದ್ರು. ನಿಮ್ಮಜ್ಜ ಇದ್ದಕ್ಕಿದ್ದ ಹಾಗೆ, 'ಕೆಂಪು ದೀಪ ಯಾಕೆ ಆರಿಸಿದೆ?' ಅಂದ್ರು. ದೀಪ ಉರೀತಾನೇ ಇತ್ತು. ಒಂದೇ ದಿನಕ್ಕೆ ಕಣ್ಣು ಹೋಯ್ತು. ಆಮೇಲೆ ಒಂಬತ್ತು ವರ್ಷ ಕುರ್ಚಿ ಬಿಟ್ಟು ಏಳಲಿಲ್ಲ. ಡಾಕ್ಟರ ಹತ್ರ ಬನ್ನಿ ಅಂದ್ರೆ, ಹೋದದ್ದು ಹೋಯ್ತು ಬಿಡ್ರೋ ಅಂತಿದ್ರು."

ಮಾವನ ಭಯದ ಬೇರು ಸಿಕ್ಕಿತು. ಅದನ್ನು ಕೀಳುವುದು ಹೇಗೆಂದು ಮಾತ್ರ ಹೊಳೆಯಲಿಲ್ಲ.

ಕ್ಯಾಮೆರಾದ ಜೊತೆ ಬಂದಿದ್ದ ಪುಸ್ತಕ ಡ್ರಾಯರಿನಲ್ಲಿ ಪ್ಲಾಸ್ಟಿಕ್ ಕವರನ್ನೂ ಕಳಚದೆ ಬಿದ್ದಿತ್ತು. ಬಿಡಿಸಿ ಓದಿದೆ. ಇಣುಕುಗಿಂಡಿಯ ಪಕ್ಕದಲ್ಲೊಂದು ಕೆಂಪು ಚುಕ್ಕೆಯ ಗುಂಡಿ ಇದೆ; ಏಳು ವರ್ಷದಲ್ಲಿ ಅದನ್ನು ಯಾರೂ ಒತ್ತಿರಲಿಲ್ಲ. ಅದನ್ನು ಒತ್ತಿದರೆ 'ಲೈವ್ ವ್ಯೂ' ಎಂದಿತ್ತು. ಮಧ್ಯಾಹ್ನ ಯಾರೂ ಇಲ್ಲದಾಗ ಒತ್ತಿದೆ. ಒಳಗೆ 'ಟಪ್' ಎಂದು ಏನೋ ಎದ್ದ ಸದ್ದು. ರಟ್ಟಿನ ಬಾಗಿಲು ಎತ್ತಿದೆ.

ಪರದೆಯ ಮೇಲೆ ನಮ್ಮ ಕೋಣೆ ಇತ್ತು. ಫೋಟೊ ಅಲ್ಲ, ಇನ್ನೂ ಫೋಟೊ ಆಗದ್ದು. ಬೂದು ಬಟ್ಟೆ ಗಾಳಿಗೆ ಅಲುಗಿದರೆ ಪರದೆಯಲ್ಲೂ ಅಲುಗುತ್ತಿತ್ತು. ಸ್ಟೂಲಿನ ಮೇಲೆ ಅತ್ತೆಯ ಸೂಜಿ ಚುಚ್ಚುವ ದಿಂಬು ತಂದಿಟ್ಟೆ. ಭೂತಗನ್ನಡಿಯ ಗುರುತಿನ ಗುಂಡಿ ಒತ್ತಿದಾಗ ಒಂದು ಸೂಜಿಯ ತಲೆ ಪರದೆ ತುಂಬ ಬಂದು ನಿಂತಿತು. ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಸೂಜಿಯ ಕಣ್ಣು ತೆರೆದುಕೊಂಡಿತು, ಇನ್ನಷ್ಟು ತಿರುಗಿಸಿದರೆ ಕರಗಿತು. ಇಣುಕುಗಿಂಡಿಯಲ್ಲಿ ಒಂದು ಕಣ್ಣಿಟ್ಟು ನೋಡುವುದಕ್ಕೂ ಇದಕ್ಕೂ ಎಲ್ಲಿಂದೆಲ್ಲಿಗೆ! ಅಭ್ಯಾಸಬಲದಿಂದ ಇಣುಕುಗಿಂಡಿಗೆ ಕಣ್ಣಿಟ್ಟೆ. ಅಲ್ಲಿ ಕಗ್ಗತ್ತಲೆ. ಪುಸ್ತಕ ಮತ್ತೆ ತಿರುವಿದೆ. ಕ್ಯಾಮೆರಾದೊಳಗೆ ಒಂದು ಕನ್ನಡಿ ಇರುತ್ತದೆ. ಲೆನ್ಸಿನಿಂದ ಬಂದ ಬೆಳಕನ್ನು ಅದೇ ಇಣುಕುಗಿಂಡಿಗೆ ಕಳಿಸುವುದು. ಲೈವ್ ವ್ಯೂನಲ್ಲಿ ಆ ಕನ್ನಡಿ ಮೇಲೆದ್ದು ದಾರಿ ಬಿಡುತ್ತದೆ. ಬೆಳಕೆಲ್ಲ ಹಿಂದಿನ ಪರದೆಯ ಪಾಲು, ಇಣುಕುಗಿಂಡಿಗೆ ಏನೂ ಇಲ್ಲ.

ಇದನ್ನು ಮಾವನಿಗೆ ತೋರಿಸಬೇಕು. ಆದರೆ ರಟ್ಟು ಎತ್ತಿ ನೋಡಿ ಎಂದರೆ ಎತ್ತುವವರಲ್ಲ. ಹೇಗೆ ಮಾತು ತೆಗೆಯಲಿ ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಮೂರನೆಯ ದಿನ ಬೆಳಿಗ್ಗೆ, ಆದದ್ದಾಗಲಿ ಎಂದು, ಅವರು ಕೈ ತೊಳೆಯಲು ಹೋದಾಗ ದೀಪ ಹೊತ್ತಿಸಿ, ಸೂಜಿ ದಿಂಬು ಇಟ್ಟು, ಕೆಂಪು ಗುಂಡಿ ಒತ್ತಿ ಸಿದ್ಧ ಮಾಡಿದೆ. ಅರ್ಧ ಗಂಟೆಯವರೆಗೆ ಅದು ತಾನಾಗಿ ಆರದ ಹಾಗೂ ಮಾಡಿಟ್ಟಿದ್ದೆ. ಅಷ್ಟರಲ್ಲಿ ಕೌಂಟರಿನ ಗಂಟೆ ಬಾರಿಸಿತು. ರಟ್ಟನ್ನು ಇಳಿಬಿಟ್ಟು, ದಿಂಬು ಎತ್ತಿಕೊಂಡು ಮುಂದಕ್ಕೆ ಓಡಿದೆ.

ಬಂದವರು ಟೈಪಿಸ್ಟ್. "ಇವತ್ತೇ ಕೊನೇ ದಿನ ಕಣಮ್ಮ. ಇನ್ನೊಂದು ಸಲ ನೋಡೋಣ ಅಂತ ಬಂದೆ."

"ಒಳಗೆ ಹೋಗಿ, ಮಾವ ಇದಾರೆ" ಎಂದೆ. ಹೇಳಿ, ಅವರ ರಸೀತಿ ಹುಡುಕತೊಡಗಿದೆ. ರಸೀತಿ ಕೈಗೆ ಸಿಕ್ಕಿದಾಗ ನೆನಪಾಯಿತು. ಕ್ಯಾಮೆರಾ ಲೈವ್ ವ್ಯೂನಲ್ಲೇ ಇತ್ತು.

ಬಾಗಿಲಿನ ಪರದೆ ಸರಿಸಿದಾಗ ಟೈಪಿಸ್ಟ್ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು. ಮಾವ ಬಾಗಿ, ಎಡಗಣ್ಣು ಕಿವುಚಿ, ಬಲಗಣ್ಣನ್ನು ಇಣುಕುಗಿಂಡಿಗೆ ಒತ್ತಿ ನಿಂತಿದ್ದರು.

"ದೀಪ ಯಾಕೆ ಆರಿಸಿದೆ?" ಎಂದರು.

ಟೈಪಿಸ್ಟ್ ಎರಡೂ ಕೊಡೆಗಳ ಕಡೆ ನೋಡಿದರು. "ದೀಪ ಉರೀತಾನೇ ಇದೆಯಲ್ಲ ಸಾರ್."

ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಮಾವ ಅಲುಗಲಿಲ್ಲ. ತಲೆ ಎತ್ತಲಿಲ್ಲ. ಎರಡು ಕೈಯಲ್ಲೂ ಸ್ಟ್ಯಾಂಡನ್ನು ಗಟ್ಟಿಯಾಗಿ ಹಿಡಿದಿದ್ದರು. ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ಮಾವ, ಕಣ್ಣಲ್ಲ" ಎಂದೆ. "ನನಗೂ ಅಲ್ಲಿ ಕತ್ತಲೇನೇ ಕಾಣೋದು. ನಾನೇ ಮಾಡಿದ್ದು. ತಲೆ ಎತ್ತಿ."

ಅವರು ಎತ್ತಲಿಲ್ಲ. ನಾನು ಹೋಗಿ ಭುಜ ಹಿಡಿದು ಹಿಂದಕ್ಕೆ ಸರಿಸಿ, ರಟ್ಟಿನ ಬಾಗಿಲು ಮೇಲೆತ್ತಿದೆ. ಪರದೆಯ ಮೇಲೆ ಟೈಪಿಸ್ಟ್ ಕೂತಿದ್ದರು, ಬೆಳಕಿನಲ್ಲಿ ಮುಳುಗಿ, ಗಾಬರಿಯಿಂದ ಕಣ್ಣು ಪಿಳಿಪಿಳಿ ಬಿಡುತ್ತ.

ಮಾವ ಅದನ್ನು ನೋಡುತ್ತ ನೆಲದ ಮೇಲೇ ಕೂತುಬಿಟ್ಟರು. ಅತ್ತೆ ನೀರು ತಂದು ಕೊಟ್ಟರು.

"ತಲೆ ಯಾಕ್ರೀ ಎತ್ತಲಿಲ್ಲ?" ಎಂದು ಅತ್ತೆ ಕೇಳಿದರು.

"ಎತ್ತಿದ ಮೇಲೆ ಆಚೆನೂ ಕತ್ತಲೆ ಇದ್ರೆ ಏನು ಮಾಡೋದು ಅಂತ" ಎಂದರು ಮಾವ. ನೀರು ಕುಡಿದು, "ಒಂದು ವರ್ಷ ಆಯ್ತು. ಬಲಗಣ್ಣಲ್ಲಿ ಬರೀ ಮಂಜು. ಎಡಗಣ್ಣಲ್ಲಿ ನೋಡಕ್ಕೆ ಪ್ರಯತ್ನಪಟ್ಟೆ. ಬಲಗಣ್ಣನ್ನ ಮಾತ್ರ ಮುಚ್ಚೋಕೆ ನನಗೆ ಬರೋದೇ ಇಲ್ಲ, ಎರಡೂ ಮುಚ್ಚಿಕೊಳ್ತವೆ" ಎಂದರು. ಟೈಪಿಸ್ಟ್ ಅಲ್ಲೇ ಪ್ರಯತ್ನಿಸಿ ನೋಡಿದರು, ಅವರಿಗೂ ಬರಲಿಲ್ಲ. ಅತ್ತೆಗೆ ಅಳುವಿನ ನಡುವೆ ನಗು ಬಂತು.

ಮಾವನ ದೊಡ್ಡ ಗುಣವೆಂದರೆ, ಭಯ ಇಳಿದ ಕೂಡಲೇ ಅವರಿಗೆ ಯಂತ್ರದ ಮೇಲೆ ಆಸೆ ಹತ್ತುತ್ತದೆ. ಎದ್ದು ಬಂದರು. "ಅಲ್ಲ, ಅಲ್ಲಿ ಕತ್ತಲೆ ಹೇಗಾಯ್ತು?" ನಾನು ಕನ್ನಡಿಯ ಕಥೆ ಹೇಳಿದೆ. "ಕನ್ನಡಿ ಎದ್ದರೆ ಇಲ್ಲಿ ಕತ್ತಲೆ, ಬಿದ್ದರೆ ಅಲ್ಲಿ ಕತ್ತಲೆ. ಇನ್ನೊಂದು ಸಲ ಮಾಡು." ಟಪ್. "ಇನ್ನೊಂದು ಸಲ." ಟಪ್. ಲೆನ್ಸ್ ಬಿಚ್ಚಿ, ಆ ಕನ್ನಡಿ ಏಳುವುದನ್ನು ಎಡಗಣ್ಣಿನಿಂದ ನೋಡಿದರು, ಮತ್ತೆ ಹಾಕಿದರು. ಟೈಪಿಸ್ಟ್ ತಾಳ್ಮೆಯಿಂದ ಕೂತೇ ಇದ್ದರು.

ಭೂತಗನ್ನಡಿಯ ಗುಂಡಿ ಒತ್ತಿ ತೋರಿಸಿದೆ. ಟೈಪಿಸ್ಟರ ಒಂದು ಕಣ್ಣು ಪರದೆ ತುಂಬ ಬಂತು. ಮಾವ ಉಂಗುರಕ್ಕೆ ಕೈ ಹಾಕಿದರು. ಮಸುಕು ಮೆಲ್ಲನೆ ಬಿಗಿಯಾಗುತ್ತ ಬಂದು ರೆಪ್ಪೆಯ ಕೂದಲು ಬಿಡಿಬಿಡಿಯಾದವು, ಕಣ್ಣಂಚಿನ ಒದ್ದೆ ಹೊಳೆಯಿತು, ಕಪ್ಪು ಗುಡ್ಡೆಯ ಮೇಲೆ ಎರಡು ಪುಟ್ಟ ಬಿಳಿ ಕೊಡೆ ಮೂಡಿದವು. ಅವುಗಳ ನಡುವೆ ಎಳ್ಳಿನಷ್ಟು ದೊಡ್ಡ ಮನುಷ್ಯನೊಬ್ಬ ಬಾಗಿ ನಿಂತಿದ್ದ.

"ಯಾರಿದು?" ಎಂದರು ಮಾವ.

"ನೀವೇ ಮಾವ."

ಅವರು ಕೈ ಎತ್ತಿದರು. ಟೈಪಿಸ್ಟರ ಕಣ್ಣಿನೊಳಗಿನ ಎಳ್ಳುಮನುಷ್ಯನೂ ಕೈ ಎತ್ತಿದ. "ಮೂವತ್ನಾಲ್ಕು ವರ್ಷ ಎಲ್ಲರ ಕಣ್ಣಲ್ಲೂ ನಾನಿದ್ದೆನಾ?" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ ನೆಟ್ಟಗೆ ನಿಂತು, ಎರಡು ಕಣ್ಣನ್ನೂ ಬಿಟ್ಟು, ಎದುರು ಕೂತವರನ್ನು ನೋಡಿದರು.

"ಸಾರ್, ನಿಮಗೆ ಎರಡು ಕಣ್ಣಿದೆ ಅಂತ ಇವತ್ತೇ ಗೊತ್ತಾಗಿದ್ದು" ಎಂದು ಟೈಪಿಸ್ಟ್ ನಕ್ಕರು. ಮಾವ ಗುಂಡಿ ಒತ್ತಿದರು. ಒಂದೇ ಕ್ಲಿಕ್. ಮಧ್ಯಾಹ್ನದೊಳಗೆ ಕಚೇರಿಯ ಕಂಪ್ಯೂಟರು ಒಪ್ಪಿತೆಂದು ಫೋನು ಬಂತು.

ಅತ್ತೆ ಆ ವಾರವೇ ಮಾವನನ್ನು ಎಳೆದುಕೊಂಡು ಕಣ್ಣಿನ ಡಾಕ್ಟರ ಹತ್ತಿರ ಹೋದರು. ನಾನೂ ಹೋಗಿದ್ದೆ. ಡಾಕ್ಟರು ಬೆಳಕು ಬಿಟ್ಟು ನೋಡಿ, "ಪೊರೆ ಬಂದಿದೆ. ತೆಗೆದುಬಿಡಬಹುದು, ಅರ್ಧ ಗಂಟೆ ಕೆಲಸ. ಆದ್ರೆ ತುಂಬಾ ಬಲಿಯೋಕೆ ಬಿಡಬೇಡಿ, ಆಗ ಕಷ್ಟ ಆಗುತ್ತೆ. ಎಡಗಣ್ಣಲ್ಲೂ ಶುರುವಾಗಿದೆ" ಎಂದರು.

ಮಾವ ಕೇಳಿದರು. "ನಮ್ಮಪ್ಪನಿಗೆ ಒಂದೇ ದಿನಕ್ಕೆ ಕಣ್ಣು ಹೋಯ್ತು. ಅವರಿಗೂ ಇದೇ ಇತ್ತಾ?"

"ನೋಡದೆ ಹೇಗೆ ಹೇಳಲಿ? ಒಂದೇ ದಿನಕ್ಕೆ ಹೋಯ್ತು ಅಂದ್ರೆ ಬೇರೆ ಏನಾದ್ರೂ ಇರಬಹುದು. ಪೊರೆ ನಿಧಾನವಾಗಿ ಬರೋದು."

ಇಷ್ಟಾದ ಮೇಲೆ ಎಲ್ಲ ಸುಸೂತ್ರ ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡಿದ್ದೆ. ಬೀಗದಂಗಡಿಯವರಿಗೆ ಜಾಗ ಇಲ್ಲ ಎಂದು ಹೇಳಿ ಕಳಿಸಿದ್ದಾಯಿತು. ಮಾವ ಉತ್ಸಾಹದಿಂದ ಬಂದವರ ಕಣ್ಣನ್ನೆಲ್ಲ ಹತ್ತು ಪಟ್ಟು ದೊಡ್ಡದು ಮಾಡಿ, ತಮ್ಮನ್ನು ತಾವು ಹುಡುಕಿಕೊಂಡು ಫೋಟೊ ತೆಗೆಯತೊಡಗಿದರು. ಆದರೆ ಆಪರೇಷನ್ನಿನ ಮಾತೆತ್ತಿದರೆ ಸಾಕು, "ನೋಡೋಣ. ಈಗ ಲೈವ್ ವ್ಯೂ ಇದೆಯಲ್ಲ, ಎಡಗಣ್ಣಿದೆಯಲ್ಲ" ಎನ್ನುತ್ತಿದ್ದರು. ನಾನು ಹುಡುಕಿ ಕೊಟ್ಟ ಗುಂಡಿಯೇ ಅವರಿಗೆ ಬಚ್ಚಿಟ್ಟುಕೊಳ್ಳಲು ಹೊಸ ಮೂಲೆಯಾಯಿತು. ಒಂದು ತಿಂಗಳು ಹೋಯಿತು, ಎರಡು ಹೋದವು. ಅತ್ತೆ ಹೇಳಿ ಹೇಳಿ ಸೋತರು. ನನಗೆ ಆ ಗುಂಡಿಯನ್ನು ಕಿತ್ತು ಬಿಸಾಡಬೇಕೆನಿಸುತ್ತಿತ್ತು.

ಒಂದು ಮಧ್ಯಾಹ್ನ ಅತ್ತೆಯ ಹಳೆಯ ಫೋಟೊದ ಗಾಜು ಬಿರುಕು ಬಿಟ್ಟದ್ದು ಕಾಣಿಸಿತು. ಹೇಗೂ ಚೌಕಟ್ಟಿನಿಂದ ಹೊರಗೆ ತೆಗೆದದ್ದಾಯಿತು, ಅದರದ್ದೊಂದು ನಕಲು ತೆಗೆದಿಡೋಣ ಎಂದೆ. ಮಾವ ಅದನ್ನು ಗೋಡೆಗೆ ನಿಲ್ಲಿಸಿ, ಲೈವ್ ವ್ಯೂ ಹಾಕಿ, ಹತ್ತು ಪಟ್ಟು ದೊಡ್ಡದು ಮಾಡಿ ಕಣ್ಣಿನ ಮೇಲೆ ಫೋಕಸ್ ಮಾಡಹೊರಟರು. ಉಂಗುರ ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು.

"ಕೂರ್ತಾನೇ ಇಲ್ಲವಲ್ಲ" ಎಂದರು.

ಹಾಗೇ ದೊಡ್ಡದಾಗಿ ಕಾಣುತ್ತಿದ್ದ ಚೌಕವನ್ನು ಪರದೆಯಲ್ಲಿ ಪಕ್ಕಕ್ಕೆ ಸರಿಸಿದರು. ಕೆನ್ನೆ ಮಸುಕು, ತುರುಬು ಮಸುಕು. ಕಿವಿ ಬಂತು. ಕಿವಿಯ ಓಲೆಯಲ್ಲಿ ಏಳು ಹರಳು. ಒಂದೊಂದರ ಅಂಚೂ ಚಾಕುವಿನಲ್ಲಿ ಕೊರೆದಷ್ಟು ಸ್ಪಷ್ಟವಾಗಿತ್ತು.

ಅಂಥ ಚೊಕ್ಕ ಕಿವಿಯನ್ನು ನಾನು ಎಷ್ಟು ಸಲ ನೋಡಿದ್ದೆ, ಬೇರೆ ಬೇರೆಯವರ ಮಸುಕು ಮುಖದ ಪಕ್ಕದಲ್ಲಿ. ಮಾವ ಉಂಗುರದಿಂದ ಕೈ ತೆಗೆದರು. ಅತ್ತೆಯನ್ನು ಕರೆದರು.

"ಇದನ್ನ ತೆಗೆದು ಎಷ್ಟು ದಿನಕ್ಕೆ ಅಪ್ಪನ ಕಣ್ಣು ಹೋಗಿದ್ದು?"

"ಒಂದು ವರ್ಷ ಆಗಿರಬೇಕು. ಯಾಕೆ?"

"ಅವತ್ತು ಏನಾದ್ರೂ ಅಂದ್ರಾ?"

ಅತ್ತೆ ನೆನಪು ಮಾಡಿಕೊಂಡರು. "ತೊಳೆದು ಒಣಗಿಸಿ ತಂದು ನನ್ನ ಕೈಗೆ ಕೊಟ್ರು. 'ಹೇಗೆ ಬಂದಿದೆ ಹೇಳಮ್ಮ' ಅಂದ್ರು. ಹಾಗೆ ಯಾರನ್ನೂ ಕೇಳೋ ಮನುಷ್ಯರಲ್ಲ ಅವರು. ಹೊಸ ಸೊಸೆಗೆ ಎಷ್ಟು ಮರ್ಯಾದೆ ಕೊಟ್ರು ಅಂತ ನನಗೆ ಹೆಮ್ಮೆ ಆಗಿತ್ತು." ಹೇಳುತ್ತ ಹೇಳುತ್ತ ಅವರ ದನಿ ಇಳಿಯಿತು. ಪರದೆಯ ಮೇಲಿನ ತಮ್ಮ ಓಲೆಯನ್ನು ನೋಡಿದರು, ಗೋಡೆಗೊರಗಿದ್ದ ಫೋಟೊದಲ್ಲಿ ಮಂಜಾಗಿದ್ದ ತಮ್ಮ ಮುಖವನ್ನು ನೋಡಿದರು.

"ಒಂದೇ ದಿನಕ್ಕೆ ಹೋಗಿರಲಿಲ್ಲ" ಎಂದರು ಮಾವ. "ಯಾರಿಗೂ ಹೇಳಿರಲಿಲ್ಲ, ಅಷ್ಟೇ. ಒಂಬತ್ತು ವರ್ಷ ಆ ಕುರ್ಚಿಲಿ ಕೂತಿದ್ರಲ್ಲ."

ಅವರು ಕಣ್ಣು ಒರೆಸಿಕೊಂಡರು, ಮೊದಲು ಎಡದ್ದು, ಆಮೇಲೆ ಬಲದ್ದು. ಕ್ಯಾಮೆರಾದ ಹಿಂದಿದ್ದ ರಟ್ಟಿನ ಬಾಗಿಲನ್ನು ಹಿಡಿದು ಎಳೆದರು. ಏಳು ವರ್ಷದ ಟೇಪು ಪರ್ರೆಂದು ಕಿತ್ತುಬಂತು. ಅದನ್ನು ಮಡಚಿ ಜೇಬಿಗಿಟ್ಟುಕೊಂಡು ನನ್ನ ಕಡೆ ತಿರುಗಿದರು.

"ಡಾಕ್ಟರಿಗೆ ಫೋನ್ ಮಾಡು ಪತ್ತೇದಾರಿ. ಅವರು ಯಾವತ್ತು ಬಾ ಅಂತಾರೋ ಅವತ್ತು."

ಅತ್ತೆ ಬಂದು ಅವರ ಪಕ್ಕದಲ್ಲಿ ನಿಂತರು. ನಾನು ಮುಂದಿನ ಕೋಣೆಗೆ ಹೋಗಿ ಡಾಕ್ಟರ ನಂಬರು ಒತ್ತಿದೆ.